ಬಿರುಕಿಗೆ ಸಿಮೆಂಟ್ ತುಂಬುವ ಮೊದಲು ನೀರಿನ ದಾರಿ ನೋಡಿ

ನವಲಗುಂದದ ಕಡೆ ಎರೆ (ಕಪ್ಪು ಮಣ್ಣಿನ) ಹೊಲಗಳಲ್ಲಿರುವ ಮೋಟರ್ ಮನೆ, ಗೊಬ್ಬರದ ಕೋಣೆ, ಕೊಟ್ಟಿಗೆಗಳ ರಿಪೇರಿಯೇ ನನ್ನ ಕೆಲಸದಲ್ಲಿ ಜಾಸ್ತಿ. ಬೇಸಿಗೆ ಬಂತೆಂದರೆ ಫೋನ್ ಶುರು: "ಸರ್, ಗ್ವಾಡಿ ಸೀಳೈತ್ರಿ, ಒಂಚೂರು ಸಿಮೆಂಟ್ ತುಂಬಿಸಿಕೊಡ್ರಿ."

ಎರೆ ಮಣ್ಣು ಬೇಸಿಗೆಯಲ್ಲಿ ಕುಗ್ಗುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಪಾಯ ಆಳವಿಲ್ಲದ ಕೋಣೆ ಅದರ ಜೊತೆಗೇ ಏರಿಳಿಯುತ್ತದೆ. ಬಿರುಕು ಪೂರ್ತಿ ಬಾಯಿ ಬಿಟ್ಟಿರುವ ಮೇ ತಿಂಗಳಲ್ಲಿ ಗಟ್ಟಿ ಸಿಮೆಂಟ್ ತುಂಬಿದರೆ, ಮಳೆ ಬಿದ್ದಾಗ ಬಿರುಕು ಕೂಡಿಕೊಳ್ಳಲು ಜಾಗವೇ ಇರುವುದಿಲ್ಲ. ಆಗ ಗೋಡೆ ಪಕ್ಕದಲ್ಲೇ ಇನ್ನೊಂದು ಕಡೆ ಬಾಯಿ ಬಿಡುತ್ತದೆ.

ಒಂದು ಮೋಟರ್ ಮನೆಯ ಬಿರುಕು ಕಿಟಕಿ ಮೂಲೆಯಿಂದ ಚಾವಣಿವರೆಗೆ, ಇಟ್ಟಿಗೆ ಸಂದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿತ್ತು. ಕೆಳಗೆ ಕೂದಲೆಳೆ, ಮೇಲೆ ಪೆನ್ಸಿಲ್ ತೂರುವಷ್ಟು ಅಗಲ. ಅಂದರೆ ಆ ಮೂಲೆ ಕೆಳಗೆ ಕುಸಿದು ಕೂತಿದೆ. ಹೊರಗೆ ಸುತ್ತಿ ನೋಡಿದರೆ ಅದೇ ಮೂಲೆಗೆ ಬೇವಿನ ಮರ, ನೆಲ ಒಣಗಿ ಬಿರಿದಿತ್ತು. ಎದುರು ಮೂಲೆಯಲ್ಲಿ ಪೈಪಿನ ಜಾಯಿಂಟ್ ಸೋರಿ ಹುಲ್ಲು ಬೆಳೆದಿತ್ತು. ಒಂದೇ ಕೋಣೆ, ಒಂದು ಕಡೆ ಒಣ, ಇನ್ನೊಂದು ಕಡೆ ಹಸಿ. ಗೋಡೆ ಸೀಳದೆ ಏನು ಮಾಡೀತು?

ಬಿರುಕಿನ ಎರಡೂ ಬದಿಗೆ ಗೆರೆ ಎಳೆದು ತಾರೀಖು ಬರೆದೆ. ಮೇ ಕೊನೆಗೆ 8 ಮಿ.ಮೀ. ಇದ್ದದ್ದು ಮಳೆಗಾಲದಲ್ಲಿ 3ಕ್ಕೆ ಇಳಿಯಿತು. ಸೋರಿಕೆ ನಿಲ್ಲಿಸಿ, ಚಾವಣಿ ನೀರನ್ನು ಪೈಪ್ ಹಾಕಿ ದೂರ ಬಿಟ್ಟೆವು. ಸುತ್ತಲೂ ಎರೆ ತೆಗೆದು ಗರಸು (ಜಲ್ಲಿ ಮಿಶ್ರಿತ ಗಟ್ಟಿ ಮಣ್ಣು) ತುಂಬಿ, ಬಡಿದು ದಮ್ಮಸ್ಸು ಮಾಡಿ, ಹೊರಕ್ಕೆ ಇಳಿಜಾರಾಗಿ ಮೀಟರಿಗೂ ಅಗಲದ ಕಾಂಕ್ರೀಟ್ ಹಾಕಿದೆವು. ಮೋಟರ್ ಮನೆಯ ಮಾಲೀಕ ಗೌಡರು ಬೇವನ್ನೂ ಕಡಿಸಲು ಹೊರಟಿದ್ದರು. "ಬೇಡ ಗೌಡ್ರ, ಟೊಂಗಿ ಅಷ್ಟ ಕಡಸ್ರಿ" ಅಂದೆ. ದೊಡ್ಡ ಮರ ಒಮ್ಮೆಲೇ ಹೋದರೆ ಅದು ಹೀರುತ್ತಿದ್ದ ನೀರು ಮಣ್ಣಲ್ಲೇ ಉಳಿದು ನೆಲ ಉಬ್ಬುತ್ತದೆ.

ಮುಂದಿನ ಬೇಸಿಗೆಯಲ್ಲಿ ಗೆರೆಗಳು ಹೆಚ್ಚು ಅಲುಗಲಿಲ್ಲ. ಆಮೇಲೆಯೇ ಗೌಂಡಿಯನ್ನು ಕರೆಸಿದ್ದು. ಇಟ್ಟಿಗೆಯ ಕೆಲವು ವರಸೆ (ಸಾಲು) ಬಿಟ್ಟು ಬಿಟ್ಟು ಸಂದಿ ಕೆರೆದು, ಬಿರುಕಿನ ಆಚೆ ಈಚೆ ಅರ್ಧ ಅರ್ಧ ಮೀಟರ್ ಬರುವಂತೆ 6 ಮಿ.ಮೀ. ಸ್ಟೇನ್‌ಲೆಸ್ ಸರಳು ಕೂರಿಸಿದೆವು. ಮಾಮೂಲಿ ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಮತ್ತೆ ಸೀಳು. ಗಾರೆ ಸಿಮೆಂಟ್, ಸುಣ್ಣ, ಮರಳು 1:1:6. ಇಟ್ಟಿಗೆಗಿಂತ ಗಾರೆ ಮೆತ್ತಗೇ ಇರಬೇಕು.

ಹೀಗೆ ಕಾಯುವುದು ಎಲ್ಲ ಗೋಡೆಗೂ ಅಲ್ಲ. ತೂಗುಗುಂಡು ಬಿಟ್ಟಾಗ ಗೋಡೆ ಹೊರಕ್ಕೆ ವಾಲಿದ್ದರೆ, ಲಿಂಟಲ್ (ಬಾಗಿಲು, ಕಿಟಕಿ ಮೇಲಿನ ತೊಲೆ) ಜಾರಿದ್ದರೆ, ಅವತ್ತೇ ಒಳಗಿನವರನ್ನು, ದನಗಳನ್ನು ಹೊರಗೆ ಕಳಿಸಿ ಆಸರೆ ಕೊಡಿ.