ಮಗಾ, ಕೇಳ್ತೈತಾ?

ಸಂಜೆ ದಾವಣಗೆರೆ ಬಸ್ಸಲ್ಲಿ ದುರ್ಗಕ್ಕೆ ಬರ್ತಿದ್ದೆ. ಭರಮಸಾಗರ ದಾಟಿದ್ಮೇಲೆ ಅವ್ವನ ಫೋನು.

"ಮಗಾ, ಕೇಳ್ತೈತಾ? ರೊಟ್ಟಿ..." ಅಷ್ಟೇ. ಮಾತು ಹರಿದು ಹೋಯ್ತು.

ಬಸ್ಸು 80ರಲ್ಲಿತ್ತು. ಫೋನಿನ ಸಿಗ್ನಲ್ ಹೊತ್ತು ತರೋ 1800 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 17 ಸೆಂ.ಮೀ. ಅದರ ಅರ್ಧ, ಅಂದ್ರೆ ನಾಲ್ಕು ಬೆರಳಿಗಿಂತ ಚೂರು ಜಾಸ್ತಿ, ಬಸ್ಸು ಸರಿದರೂ ಸಾಕು, ಚೆನ್ನಾಗಿದ್ದ ಸಿಗ್ನಲ್ ಕುಸಿಯಬಹುದು. ಅಷ್ಟು ದೂರಕ್ಕೆ 4 ಮಿಲಿಸೆಕೆಂಡೂ ಬೇಡ! ಟವರಿಂದ ನೇರ ಬಂದದ್ದು, ಪಕ್ಕದ ಲಾರಿಗೆ ಬಡಿದು ಬಂದದ್ದು, ಗುಡ್ಡಕ್ಕೆ ತಾಗಿ ಬಂದದ್ದು, ಎಲ್ಲ ಒಂದರ ಮೇಲೊಂದು ಬಿದ್ದು ಕೆಲವು ಕಡೆ ಒಂದನ್ನೊಂದು ಅಳಿಸಿಬಿಡ್ತವೆ.

ಅದಕ್ಕೇ 4ಜಿ ಟವರು ನಡುನಡುವೆ ಫೋನಿಗೆ ಮೊದಲೇ ಗೊತ್ತಿರೋ ಪೈಲಟ್ ಸಂಕೇತ ಕಳಿಸುತ್ತೆ. ಮೊದಲ ಎರಡು ಆಂಟೆನಾಗಳಲ್ಲಿ ಒಂದೊಂದರಿಂದ ಮಿಲಿಸೆಕೆಂಡಿಗೆ ನಾಲ್ಕು ಸಲ. ಗೊತ್ತಿರೋದು ಎಷ್ಟು ಕೆಟ್ಟು ಬಂತು ಅಂತ ನೋಡಿ, ಗೊತ್ತಿಲ್ಲದ್ದನ್ನ ಫೋನು ಸರಿಮಾಡ್ಕೊಳ್ಳುತ್ತೆ. ಎರಡು ಪೈಲಟ್‌ಗಳ ನಡುವಿನದು ಬರೀ ಅಂದಾಜು. ಆ ಅಂದಾಜಿನ ಲೆಕ್ಕವೇ ನಂಗೆ ಇಡೀ ವಿಷಯದಲ್ಲಿ ಅತಿ ಇಷ್ಟ.

ಅವ್ವ ಮತ್ತೆ ಮಾಡಿದ್ಲು. ಮತ್ತೆ ಅದೇ, "ಮಗಾ, ಕೇಳ್ತೈತಾ?" ಪ್ರತಿ ಸಲ ಅದನ್ನೇ ಮೊದಲು ಅಂತಾಳೆ. ಆ ಎರಡು ಮಾತು ಹೆಂಗೆ ಬಂತು ಅನ್ನೋದ್ರಲ್ಲೇ ಮುಂದಿನದಕ್ಕೆ ಎಷ್ಟು ಕಿವಿಗೊಡಬೇಕು ಅಂತ ನಂಗೆ ಗೊತ್ತಾಗುತ್ತೆ.

"ರೊಟ್ಟಿ ಬಡೀಲೋ, ಅನ್ನ ಇಡ್ಲೋ?"

ರೊಟ್ಟಿನೇ ಅವ್ವ, ಅಂದೆ. ಗುಡ್ಡದ ಮೇಲೆ ಗಾಳಿಯಂತ್ರಗಳು ಕಾಣ್ತಿದ್ವು.