ನಾಲ್ಕು ಕ್ರಾಸ್ ಆಚೆಯ ಫಾರಿನ್ನವರು

ಹೋದ ತಿಂಗಳು ಬೆಂಗಳೂರಿಗೆ ಬಂದಾಗ ಮಲ್ಲೇಶ್ವರದ ಹೋಮ್‌ಸ್ಟೇ ಒಂದರಲ್ಲಿ ಹತ್ತು ದಿನ ಇದ್ದೆ. ಹೋಮ್‌ಸ್ಟೇ ಅಂದ ಕೂಡಲೇ ಕೊಡಗಿನ ಕಾಫಿ ತೋಟ ನೆನೆಸಿಕೊಳ್ಳಬೇಡಿ. ಹದಿನೈದನೇ ಕ್ರಾಸಿನ ಹಳೇ ಮನೆ. ಮಹಡಿಯ ಎರಡು ರೂಮು ನಮ್ಮಂಥವರಿಗೆ, ಕೆಳಗೆ ಆಂಟಿ ಮತ್ತು ಅವರ ಆರು ವರ್ಷದ ಮೊಮ್ಮಗಳು. ಬೆಳಗಿನ ಜಾವ ಸಂಪಿನ ಮೋಟರ್ ಸದ್ದಿಗೆ ಎಚ್ಚರವಾಗೋದು. ಕಾವೇರಿ ನೀರು ಬಂತು ಅಂತ ಅರ್ಥ.

ಮೊದಲ ದಿನವೇ ಆಂಟಿ ಸಂಕೋಚದಿಂದ ಪಾಸ್‌ಪೋರ್ಟ್ ಕೇಳಿದರು. ವಿದೇಶಿಯರು ಉಳಿದುಕೊಂಡರೆ 24 ಗಂಟೆಯೊಳಗೆ ಸರ್ಕಾರಕ್ಕೆ ಫಾರ್ಮ್ ತುಂಬಿ ಕಳಿಸಬೇಕು. ಹೋಟೆಲಾದರೂ ಅಷ್ಟೇ, ಮನೆಯಾದರೂ ಅಷ್ಟೇ. ಭಾರತದಲ್ಲಿ ಎರಡು ಪೌರತ್ವ ಇಲ್ಲವಲ್ಲ, ಮೆಲ್ಬರ್ನಿನಲ್ಲಿ ಹೊಸದು ಸಿಕ್ಕ ಮೇಲೆ ಹಳೇ ಪಾಸ್‌ಪೋರ್ಟ್ ಒಪ್ಪಿಸಿಬಿಟ್ಟಿದ್ದೆ. ಆಂಟಿ ಕನ್ನಡಕ ಏರಿಸಿಕೊಂಡು, "ಹುಟ್ಟಿದ್ದು ಬೆಂಗಳೂರು ಅಂತಿದೆ, ಎಲ್ಲಿ?" ಅಂದರು.

"ಇಲ್ಲೇ, ಹನ್ನೊಂದನೇ ಕ್ರಾಸ್."

ಇಬ್ಬರೂ ನಕ್ಕೆವು. ಪುಟ್ಟಿ ನಗಲಿಲ್ಲ.

"ಅಂಕಲ್, ನಿಮ್ಮನೆ ಅಲ್ಲೇ ಇದ್ರೆ ನಮ್ಮನೇಲಿ ಯಾಕೆ ದುಡ್ಡು ಕೊಟ್ಟು ಇರ್ತೀರಾ?"

ಆಂಟಿ ಗದರಿದರು. ಆ ಮನೆ ಈಗಿಲ್ಲ ಅಂದೆ. "ಬಿದ್ದೋಯ್ತಾ?" ಇಲ್ಲಮ್ಮ, ಮಾರಿದ್ವಿ. "ಯಾಕೆ?"

ಮೆಲ್ಬರ್ನಿನಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ ಬೆಂಗಳೂರು ಹಾಳಾಯ್ತು ಅಂತ ಎಲ್ಲರಿಗಿಂತ ಜಾಸ್ತಿ ಗೊಣಗೋನು ನಾನೇ. ಅಣ್ಣನ ಪಕ್ಕ ಕೂತು ಬಿಲ್ಡರ್‌ನ ಪತ್ರಕ್ಕೆ ಸಹಿ ಹಾಕಿದವನೂ ನಾನೇ. ಈ ಬಡಾವಣೆ ಎದ್ದದ್ದೇ 1898ರ ಪ್ಲೇಗಿನ ನಂತರ, ಪೇಟೆಯ ಇಕ್ಕಟ್ಟು ಬಿಟ್ಟು ಬಂದವರಿಗಾಗಿ. ಒಂದು ಕಾಲಕ್ಕೆ ಇಲ್ಲಿ ಎಲ್ಲರೂ ವಲಸೆ ಬಂದವರೇ ಅಂತ ಸುಮ್ನೆ ಸಮಾಧಾನ ಹೇಳಿಕೊಂಡೆ. ಅಷ್ಟೇನೂ ಆಗಲಿಲ್ಲ.

ಕೊನೇ ದಿನ ಆಂಟಿ ಹೂವು ತರಲು ಹೊರಟಾಗ ನಾನೂ ಜತೆಗೆ ಹೋದೆ, ಪುಟ್ಟಿಯೂ ಬಂದಳು. ಹನ್ನೊಂದನೇ ಕ್ರಾಸಿನಲ್ಲಿ ನಮ್ಮ ಮನೆಯಿದ್ದ ಜಾಗದಲ್ಲಿ ನಾಲ್ಕು ಮಹಡಿ, ಕೆಳಗೆ ಕಾರುಗಳು. ಮುಂದಿನ ಚರಂಡಿಗೆ ಒಂದು ಕಲ್ಲು ಚಪ್ಪಡಿ ಹಾಸಿದ್ದರು. ಒಂದು ಮೂಲೆ ಮುಕ್ಕಾಗಿತ್ತು, ನಡುವೆ ಸವೆದು ನುಣ್ಣಗಾಗಿತ್ತು. ಅಮ್ಮ ಬಟ್ಟೆ ಒಗೆಯುತ್ತಿದ್ದ ಕಲ್ಲು. ಆ ಮೂಲೆ ಮುರಿದಿದ್ದು ಅಣ್ಣ, ತೆಂಗಿನಕಾಯಿ ಒಡೆಯಲು ಹೋಗಿ.

"ಇದು ನಮ್ಮನೆಯದು," ಅಂದೆ.

ಪುಟ್ಟಿ ಅದರ ಮೇಲೆ ನಿಂತು ಎರಡು ಸಲ ಕುಪ್ಪಳಿಸಿದಳು. "ಹಾಗಾದ್ರೆ ತಗೊಂಡ್ಹೋಗಿ. ಫ್ಲೈಟಲ್ಲಿ ಬಿಡ್ತಾರಾ?"