ಮಲೆಮನೆಯವರ ಮೇಲೆ ಪಾಪ ಹೊರಿಸಬೇಡಿ

2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಜರಿದು ಮನೆ, ಕಾಫಿ ತೋಟ ಎರಡೂ ಹೋದವು. ಈ ವಾರ ಮಳೆ ಜೋರಾದಂತೆ ಆ ಮಾತು ಮತ್ತೆ ಬಂತು. ಬಲಿಪೂಜೆ ಮುಗಿಸಿ ಚರ್ಚಿನ ಜಗಲಿಯಲ್ಲಿ ಕೊಡೆ ಬಿಚ್ಚುತ್ತಿದ್ದ ಹಿರಿಯರೊಬ್ಬರು, "ಪಾಪ ಹೆಚ್ಚಾಯಿತು, ದೇವರು ತೀರ್ಪು ಕೊಟ್ಟ" ಎಂದರು. ಅಂದು ಸಂತ್ರಸ್ತರಿಗೆ ಅಕ್ಕಿ ಮೂಟೆ ಹೊತ್ತವರಲ್ಲಿ ಅವರೂ ಒಬ್ಬರು. ಅವರ ಮೇಲೆ ನನಗೆ ಗೌರವವಿದೆ. ಆದರೆ ಈ ಮಾತನ್ನು ನಾನು ಒಪ್ಪಲಾರೆ.

ಬೈಬಲಿನಲ್ಲಿ ಲೂಕನ ಶುಭಸಂದೇಶದ 13ನೇ ಅಧ್ಯಾಯದಲ್ಲಿ, ಸಿಲೋವಾಮಿನ ಗೋಪುರ ಕುಸಿದು 18 ಮಂದಿ ಸತ್ತ ಪ್ರಸಂಗವನ್ನು ಯೇಸುಸ್ವಾಮಿಯೇ ಎತ್ತುತ್ತಾರೆ. ಸತ್ತವರು ಜೆರುಸಲೇಮಿನ ಉಳಿದವರಿಗಿಂತ ದೊಡ್ಡ ಪಾಪಿಗಳೇ ಎಂದು ಕೇಳಿ, ಖಂಡಿತ ಅಲ್ಲ ಎಂದು ತಾವೇ ಉತ್ತರಿಸುತ್ತಾರೆ. ಅಷ್ಟಕ್ಕೇ ಬಿಡುವುದಿಲ್ಲ. ಕೇಳುತ್ತಾ ನಿಂತವರ ಕಡೆಗೆ ತಿರುಗಿ, ನೀವು ಪಶ್ಚಾತ್ತಾಪಪಡದಿದ್ದರೆ ನಿಮಗೂ ನಾಶವೇ ಎನ್ನುತ್ತಾರೆ. ಸತ್ತವರ ಲೆಕ್ಕ ಕೇಳಲು ಬಂದವರು ತಮ್ಮ ಲೆಕ್ಕ ನೋಡಿಕೊಳ್ಳಬೇಕಾಯಿತು.

1755ರ ನವೆಂಬರ್ 1, ಸಕಲ ಸಂತರ ಹಬ್ಬ. ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ ಭೂಮಿ ನಡುಗಿ, ಪೂಜೆಗೆ ಸೇರಿದ್ದವರ ಮೇಲೆಯೇ ಚರ್ಚುಗಳು ಬಿದ್ದವು. ಆ ಭಕ್ತರ ಮೇಲೆ ಯಾವ ಪಾಪ ಹೊರಿಸೋಣ?

ಜೀವಂತರಿಗೂ ಮೃತರಿಗೂ ತೀರ್ಪು ನೀಡಲು ಕ್ರಿಸ್ತರು ಬರುತ್ತಾರೆಂದು ನಾನು ಮನಸಾರೆ ನಂಬುತ್ತೇನೆ. ಆ ಪೀಠದಲ್ಲಿ ಕೂರುವ ಅಧಿಕಾರ ಮಾತ್ರ ನಮಗೆ ಯಾರೂ ಕೊಟ್ಟಿಲ್ಲ. ಪಾಪದ ಮಾತನ್ನೇ ಆಡುವುದಾದರೆ, ಗುಡ್ಡದ ಬುಡವನ್ನು ನೆಟ್ಟಗೆ ಕಡಿದು, ಮಳೆನೀರು ಹರಿಯುವ ಹಳ್ಳ ಮುಚ್ಚಿ ಕಟ್ಟಡ ಎಬ್ಬಿಸುವ ನಮ್ಮ ಆಸೆಯಿಂದಲೇ ಶುರು ಮಾಡೋಣ.